ಪದೇ ಪದೇ ಕಳಚುವ ಭುಜ: ಕ್ರೀಡಾಪಟುಗಳಿಗೆ ಶಸ್ತ್ರಚಿಕಿತ್ಸೆಯ ಹಂತ ಹಂತದ ಮಾರ್ಗದರ್ಶಿ

ಕಬಡ್ಡಿ ಅಂಕಣದಲ್ಲಿ ರೈಡರ್ ಒಬ್ಬ ಮೂಲೆಯ ಆಟಗಾರನನ್ನು ಮುಟ್ಟಲು ಕೈಚಾಚಿ ಬಾಗಿದಾಗ, ಆ ಚಾಚಿದ ಕೈಯನ್ನೇ ಎದುರಾಳಿ ಹಿಡಿದು ಹಿಂದಕ್ಕೆಳೆದರೆ, ತೋಳಿನ ಮೂಳೆಯ ತಲೆ ತನ್ನ ಕುಳಿಯಿಂದ ಮುಂದಕ್ಕೆ ಜಾರಿ ಕಂಕುಳಿನ ಕಡೆಗೆ ಇಳಿಯುತ್ತದೆ. ನೋಡುವವರಿಗೆ ದುಂಡಗಿರಬೇಕಾದ ಹೆಗಲು ಇದ್ದಕ್ಕಿದ್ದಂತೆ ಚಪ್ಪಟೆಯಾಗಿ, ಅಂಚು ಕತ್ತರಿಸಿದಂತೆ ಕಾಣುತ್ತದೆ. ಆಟಗಾರ ಇನ್ನೊಂದು ಕೈಯಿಂದ ಮೊಣಕೈಯನ್ನು ಹಿಡಿದುಕೊಂಡು, ಯಾರನ್ನೂ ಹತ್ತಿರ ಬಿಡದೆ ಕುಳಿತುಬಿಡುತ್ತಾನೆ. ಮೊದಲ ಸಲ ಹೀಗಾದಾಗ ಎಲ್ಲರೂ ಓಡಿ ಬರುತ್ತಾರೆ. ನಾಲ್ಕನೆಯ ಸಲ ಆಗುವ ಹೊತ್ತಿಗೆ ಅವನೇ ಗೋಡೆಗೆ ಒರಗಿ ತಿರುಗಿಸಿ ಕೂರಿಸಿಕೊಳ್ಳುವುದನ್ನು ಕಲಿತಿರುತ್ತಾನೆ, ತಂಡದವರು ಅದನ್ನು ಧೈರ್ಯವೆಂದು ಹೊಗಳುತ್ತಾರೆ. ನನಗೆ ಅತ್ಯಂತ ಸಂಕಟವಾಗುವುದು ಆ ಹೊಗಳಿಕೆಯನ್ನು ಕೇಳಿದಾಗಲೇ. ಏಕೆಂದರೆ ಯಾವ ಶಸ್ತ್ರಚಿಕಿತ್ಸೆ ಫಲಿಸುತ್ತದೆ ಎಂಬುದು ಕೀಲಿನಲ್ಲಿ ಎಷ್ಟು ಮೂಳೆ ಉಳಿದಿದೆ ಎಂಬ ಲೆಕ್ಕದ ಮೇಲೆ ನಿಂತಿದೆ, ಮತ್ತು ಪ್ರತಿ ಸಲ ಕಳಚಿದಾಗಲೂ ಆ ಮೂಳೆ ಒಂದಿಷ್ಟು ಸವೆಯುವ ಸಂಭವವಿದೆ.

ಬಿಂದಿಗೆ ಮತ್ತು ಸಿಂಬಿ

ಭುಜದ ಕೀಲನ್ನು ಅರ್ಥಮಾಡಿಕೊಳ್ಳಲು ಸಿಂಬಿಯ ಮೇಲಿಟ್ಟ ಬಿಂದಿಗೆಯನ್ನು ನೆನಪಿಸಿಕೊಂಡರೆ ಸಾಕು. ತೋಳಿನ ಮೂಳೆಯ ಗುಂಡನೆಯ ತಲೆಯೇ ಬಿಂದಿಗೆ. ಹೆಗಲ ಹಲಗೆಯ ತುದಿಯಲ್ಲಿರುವ, ಆಳವೇ ಇಲ್ಲದ ಪುಟ್ಟ ತಟ್ಟೆಯಂಥ ಕುಳಿ ಅದು ಕೂರುವ ಜಾಗ. ಆ ತಟ್ಟೆಯ ಅಂಚಿನ ಸುತ್ತ ಉಂಗುರದಂತೆ ಅಂಟಿಕೊಂಡಿರುವ ಲೇಬ್ರಮ್ ಎಂಬ ಗಟ್ಟಿ ನಾರಿನ ಪಟ್ಟಿಯೇ ಸಿಂಬಿ. ಗುಂಡಿನ ಮೇಲ್ಮೈಯಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಷ್ಟೇ ಒಂದು ಹೊತ್ತಿಗೆ ತಟ್ಟೆಯನ್ನು ತಾಗಿರುತ್ತದೆ. ಕೈಯನ್ನು ಎಲ್ಲ ದಿಕ್ಕಿಗೂ ಬೀಸಲು ಸಾಧ್ಯವಾಗುವುದೂ, ದೇಹದ ದೊಡ್ಡ ಕೀಲುಗಳಲ್ಲೆಲ್ಲ ಇದೇ ಹೆಚ್ಚು ಸಲ ಕಳಚುವುದೂ ಇದೇ ಕಾರಣಕ್ಕೆ. ನೂರು ಭುಜಗಳು ಕಳಚಿದರೆ ಸುಮಾರು 95 ಮುಂದಕ್ಕೇ ಕಳಚುತ್ತವೆ.

ಮುಂದಕ್ಕೆ ಜಾರುವಾಗ ಎರಡು ಹಾನಿಗಳಾಗುತ್ತವೆ. ತಟ್ಟೆಯ ಮುಂದಿನ ಕೆಳ ಅಂಚಿನಲ್ಲಿ ಸಿಂಬಿ ಕಿತ್ತು ಬರುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಬ್ಲಂಡೆಲ್ ಬ್ಯಾಂಕಾರ್ಟ್ 1923ರಲ್ಲಿ ಇದನ್ನೇ ಪದೇ ಪದೇ ಕಳಚುವುದರ ಮೂಲವೆಂದು ವಿವರಿಸಿದ್ದರಿಂದ ಇದಕ್ಕೆ ಬ್ಯಾಂಕಾರ್ಟ್ ಗಾಯವೆಂದು ಹೆಸರು. ಇನ್ನೊಂದು ಹಾನಿ ಬಿಂದಿಗೆಗೇ ಆಗುವುದು: ಜಾರಿದ ಗುಂಡಿನ ಹಿಂಭಾಗ ತಟ್ಟೆಯ ಗಡುಸಾದ ಅಂಚಿಗೆ ಬಡಿದು, ಹಿತ್ತಾಳೆಯ ಬಿಂದಿಗೆ ನೆಗ್ಗಿದಂತೆ ನೆಗ್ಗುತ್ತದೆ. 1940ರಲ್ಲಿ ಅಮೆರಿಕದ ಕ್ಷ-ಕಿರಣ ತಜ್ಞರಾದ ಹಿಲ್ ಮತ್ತು ಸ್ಯಾಕ್ಸ್ ಇದನ್ನು ಕುರಿತು ಬರೆದರು. ಮುಂದೆ ಹೇಳುವ ಶಸ್ತ್ರಚಿಕಿತ್ಸೆಗಳೆಲ್ಲ ಕಿತ್ತ ಸಿಂಬಿ, ಪದೇ ಪದೇ ಕಳಚಿ ಸವೆದ ತಟ್ಟೆಯ ಅಂಚು, ನೆಗ್ಗಿದ ಗುಂಡು ಎಂಬ ಈ ಮೂರಕ್ಕೆ ಕೊಡುವ ಉತ್ತರಗಳೇ ಆಗಿವೆ.

ಮೊದಲ ಹೆಜ್ಜೆ: ಅಂಕಣದಲ್ಲಿ ಕೈಯನ್ನು ಎಳೆಯಬೇಡಿ

ಕಂಕುಳಿಗೆ ಒನಕೆ ಕೊಟ್ಟು ಮೇಲಕ್ಕೆತ್ತಿ ಭುಜವನ್ನು ಕೂರಿಸಿ, ಸ್ವಸ್ತಿಕಾಕಾರದಲ್ಲಿ ಕಟ್ಟು ಕಟ್ಟುವ ಕ್ರಮವನ್ನು ಸುಶ್ರುತನೇ ಹೇಳಿದ್ದಾನೆ. ಕೀಲನ್ನು ಮರಳಿ ಕೂರಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ಆದರೂ ಇಂದು ಕ್ಷ-ಕಿರಣ ಚಿತ್ರವಿಲ್ಲದೆ, ತರಬೇತಿಯಿಲ್ಲದವರು ಆಟಗಾರನ ಕೈಯನ್ನು ಎಳೆಯಬಾರದು. ಕಳಚಿದ್ದರ ಜೊತೆಗೆ ಮೂಳೆ ಮುರಿದಿದ್ದರೆ ಎಳೆತದಿಂದ ಆ ಮುರಿತ ದೊಡ್ಡದಾಗುತ್ತದೆ, ಮತ್ತು ಕಂಕುಳಿನಲ್ಲಿ ಹಾಯುವ ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗಬಹುದು. ಟವೆಲ್ಲನ್ನು ಜೋಲಿಯಂತೆ ಕಟ್ಟಿ, ಕೈ ಯಾವ ಭಂಗಿಯಲ್ಲಿ ಹಿತವೋ ಹಾಗೆಯೇ ಇಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲಿ ತಿನ್ನಲು ಕುಡಿಯಲು ಕೊಡಬೇಡಿ, ಏಕೆಂದರೆ ಕೀಲು ಕೂರಿಸಲು ಮಂಪರಿನ ಔಷಧ ಬೇಕಾಗಬಹುದು. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆಯೇ, ಬೆರಳುಗಳು ಅಲ್ಲಾಡುತ್ತಿವೆಯೇ, ತೋಳಿನ ಹೊರಬದಿಯಲ್ಲಿ, ಪೊಲೀಸರ ಸಮವಸ್ತ್ರದ ತೋಳಿಗೆ ಲಾಂಛನ ಹೊಲಿಯುವ ಜಾಗದಲ್ಲಿ, ಮುಟ್ಟಿದ್ದು ತಿಳಿಯುತ್ತಿದೆಯೇ ಎಂದು ನೋಡಿ, ವೈದ್ಯರಿಗೆ ತಿಳಿಸಿ. ಆ ಜಾಗ ಮರಗಟ್ಟಿದ್ದರೆ ಭುಜವನ್ನು ಎತ್ತುವ ಸ್ನಾಯುವಿನ ನರಕ್ಕೆ ಪೆಟ್ಟಾಗಿರುವ ಶಂಕೆಯಿದೆ.

ಕೂರಿಸುವ ಮೊದಲಿನ ಮತ್ತು ನಂತರದ ಕ್ಷ-ಕಿರಣ ಚಿತ್ರಗಳೆರಡನ್ನೂ ಜೋಪಾನವಾಗಿಡಿ. ಎಣ್ಣೆ ಹಚ್ಚಿ ತಿಕ್ಕಿಸುವುದರಿಂದ ಸ್ನಾಯು ಸಡಿಲಗೊಂಡು ಹಿತವೆನಿಸಬಹುದು, ಕಿತ್ತ ಸಿಂಬಿ ಅದರಿಂದ ಅಂಟುವುದಿಲ್ಲ.

ಎರಡನೆಯ ಹೆಜ್ಜೆ: ಲೆಕ್ಕ ಬರೆದಿಡಿ

ಶಸ್ತ್ರವೈದ್ಯರನ್ನು ಕಾಣುವ ಮೊದಲು ಒಂದು ಹಾಳೆಯಲ್ಲಿ ಇಷ್ಟನ್ನು ಬರೆಯಿರಿ: ಮೊದಲು ಕಳಚಿದಾಗ ವಯಸ್ಸು ಎಷ್ಟು, ಒಟ್ಟು ಎಷ್ಟು ಸಲ ಕಳಚಿದೆ, ಎಷ್ಟು ಸಲ ಅರ್ಧ ಜಾರಿ ತಾನೇ ಮರಳಿದೆ, ಆಗ ಕೈ ಯಾವ ಭಂಗಿಯಲ್ಲಿತ್ತು, ನಿದ್ದೆಯಲ್ಲಿ ಎಂದಾದರೂ ಕಳಚಿದೆಯೇ. ಕೊನೆಯ ಪ್ರಶ್ನೆ ಮುಖ್ಯವಾದದ್ದು. ಮಗ್ಗುಲು ಬದಲಿಸಿದರೆ, ಬಸ್ಸಿನ ಕಂಬಿ ಹಿಡಿದರೆ, ಅಂಗಿಯ ತೋಳಿಗೆ ಕೈತೂರಿಸಿದರೆ ಕಳಚುವ ಭುಜದಲ್ಲಿ ಸಾಮಾನ್ಯವಾಗಿ ಮೂಳೆ ಸಾಕಷ್ಟು ಸವೆದಿರುತ್ತದೆ. ಅಪಸ್ಮಾರ ಇದ್ದರೆ ಮುಚ್ಚಿಡದೆ ಹೇಳಿ. ಸೆಳವು ಹತೋಟಿಗೆ ಬರುವ ಮೊದಲು ಮಾಡಿದ ಶಸ್ತ್ರಚಿಕಿತ್ಸೆ ಮುಂದಿನ ಸೆಳವಿನಲ್ಲೇ ಹಾಳಾಗಬಹುದು.

ವೈದ್ಯರು ನಿಮ್ಮನ್ನು ಮಲಗಿಸಿ, ತೋಳನ್ನು ಪಕ್ಕಕ್ಕೆ ಚಾಚಿಸಿ, ಚೆಂಡೆಸೆಯುವ ಭಂಗಿಗೆ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾರೆ. ಒಂದು ಹಂತದಲ್ಲಿ ‘ಸಾರ್, ಬೇಡ, ಹೋಗಿಬಿಡುತ್ತದೆ’ ಎಂದು ಬಾಯಿ ತಾನಾಗಿ ಹೇಳುತ್ತದೆ. ಆಗ ಅವರು ಭುಜದ ಮುಂಭಾಗವನ್ನು ಅಂಗೈಯಿಂದ ಒತ್ತಿ ಹಿಡಿದರೆ ಭಯ ಇಳಿಯುತ್ತದೆ. ನೋವಿಗಿಂತ ಈ ಭಯವೇ ರೋಗನಿರ್ಣಯದ ಗುರುತು. ಹೆಬ್ಬೆರಳು ಮುಂಗೈಗೆ ತಾಗುತ್ತದೆಯೇ, ಮೊಣಕೈ ಹಿಂದಕ್ಕೆ ಬಾಗುತ್ತದೆಯೇ ಎಂದು ನೋಡಿ, ಕೀಲುಗಳು ಹುಟ್ಟಿನಿಂದಲೇ ಸಡಿಲವೇ ಎಂಬುದನ್ನೂ ಅಳೆಯುತ್ತಾರೆ. ಎಲ್ಲ ದಿಕ್ಕಿಗೂ ಜಾರುವ ಅಂಥ ಭುಜಗಳಿಗೆ ಹಲವು ತಿಂಗಳ ವ್ಯಾಯಾಮವೇ ಮೊದಲ ಚಿಕಿತ್ಸೆ.

ಮೂರನೆಯ ಹೆಜ್ಜೆ: ಮೂಳೆಯನ್ನು ಅಳೆಸಿ

ಎಂ.ಆರ್.ಐ. ಚಿತ್ರದಲ್ಲಿ ಕಿತ್ತ ಸಿಂಬಿ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳು ಚೆನ್ನಾಗಿ ಕಾಣುತ್ತವೆ. 40 ದಾಟಿದವರಲ್ಲಿ ಭುಜ ಕಳಚಿದಾಗ ರಜ್ಜುಗಳೇ ಹರಿದಿರುವ ಸಂಭವ ಹೆಚ್ಚಾದ್ದರಿಂದ ಅವರಿಗೆ ಇದು ಬೇಕೇ ಬೇಕು. ಆದರೆ ಎರಡು ಮೂರು ಸಲ ಕಳಚಿದ ಆಟಗಾರನಲ್ಲಿ ಮೂಳೆಯ ನಷ್ಟವನ್ನು ಅಳೆಯಲು ಮೂರು ಆಯಾಮದ ಸಿ.ಟಿ. ಸ್ಕ್ಯಾನ್ ಉತ್ತಮ. ಗುಂಡನ್ನು ಚಿತ್ರದಿಂದ ಅಳಿಸಿ ತಟ್ಟೆಯನ್ನು ನೇರ ಎದುರಿನಿಂದ ತೋರಿಸಿದಾಗ, ಅದರ ಕೆಳಭಾಗ ಬಹುತೇಕ ಪೂರ್ಣ ವೃತ್ತದಂತಿರಬೇಕು. ಆ ವೃತ್ತವನ್ನು ಎಳೆದು, ಮುಂದಿನ ಅಂಚಿನಲ್ಲಿ ಎಷ್ಟು ಖಾಲಿಯಿದೆ ಎಂದು ಅಳೆಯುತ್ತಾರೆ. ತಟ್ಟೆಯ ಅಗಲ 25 ಮಿಲಿಮೀಟರ್ ಇದ್ದರೆ, 5 ಮಿಲಿಮೀಟರ್ ಸವೆದರೂ ಶೇ. 20 ಹೋದಂತೆ. ಒಂದು ತೊಗರಿಬೇಳೆಯ ಅಗಲದ ಆ ಮೂಳೆಯೇ ಯಾವ ಶಸ್ತ್ರಚಿಕಿತ್ಸೆ ಎಂಬುದನ್ನು ಬದಲಿಸಿಬಿಡುತ್ತದೆ.

ಇದು ಎಷ್ಟು ಮುಖ್ಯವೆಂಬುದನ್ನು 2000ದಲ್ಲಿ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಎಂಬ ಶಸ್ತ್ರವೈದ್ಯರು ಸ್ಪಷ್ಟಪಡಿಸಿದರು. ಸಣ್ಣ ರಂಧ್ರದಿಂದ ಕೀಲಿನೊಳಕ್ಕೆ ಇಳಿಸುವ ದುರ್ಬೀನಿನ ಮೂಲಕ ಸಿಂಬಿ ಹೊಲಿಸಿಕೊಂಡ 194 ಪ್ರಕರಣಗಳನ್ನು ಅವರು ಪರಿಶೀಲಿಸಿದಾಗ, ಗಣನೀಯ ಮೂಳೆ ನಷ್ಟವಿಲ್ಲದವರಲ್ಲಿ ಶೇ. 4ರಷ್ಟು ಮಂದಿಗೆ ಮಾತ್ರ ಭುಜ ಮತ್ತೆ ಅಸ್ಥಿರವಾಗಿತ್ತು. ನಷ್ಟವಿದ್ದವರಲ್ಲಿ ಅದು ಶೇ. 67. ಮೈಗೆ ಮೈ ತಾಗುವ ಆಟದವರನ್ನಷ್ಟೇ ತೆಗೆದುಕೊಂಡರೆ ಈ ಅಂಕಿಗಳು ಶೇ. 6.5 ಮತ್ತು ಶೇ. 89. ಕಬಡ್ಡಿ, ಕುಸ್ತಿ, ಜೂಡೊ ಆಡುವ ಪ್ರತಿಯೊಬ್ಬರೂ ಈ ಕೊನೆಯ ಎರಡು ಸಂಖ್ಯೆಗಳನ್ನು ನೆನಪಿಡಬೇಕು.

ಗುಂಡಿನ ನೆಗ್ಗನ್ನು ಪ್ರತ್ಯೇಕವಾಗಿ ಅಳೆದರೆ ಸಾಲದು, ತಟ್ಟೆಯೊಂದಿಗೆ ಹೊಂದಿಸಿ ನೋಡಬೇಕು. ಕೈ ಮೇಲೆತ್ತಿ ಹಿಂದಕ್ಕೆ ತಿರುಗಿಸಿದಾಗ ಗುಂಡಿನ ಮೇಲೆ ತಟ್ಟೆ ಸಾಗುವ ಹಳಿಯ ಅಗಲ, ತಟ್ಟೆಯ ಅಗಲದ ಸುಮಾರು ಶೇ. 83. ತಟ್ಟೆ 25 ಮಿಲಿಮೀಟರ್ ಇದ್ದರೆ ಹಳಿ ಸುಮಾರು 21. ಅಂಚಿನಲ್ಲಿ 4 ಸವೆದಿದ್ದರೆ ಉಳಿಯುವುದು 17. ಗುಂಡಿಗೆ ರಜ್ಜು ಅಂಟಿಕೊಂಡ ಜಾಗದಿಂದ ನೆಗ್ಗಿನ ಒಳ ಅಂಚಿನವರೆಗಿನ ದೂರ 17ಕ್ಕಿಂತ ಕಡಿಮೆಯಿದ್ದರೆ ನೆಗ್ಗು ಹಳಿಯ ಒಳಗೇ ಇದೆ, ಅಂಚಿಗೆ ಸಿಕ್ಕಿಕೊಳ್ಳುವುದಿಲ್ಲ. ಹೆಚ್ಚಿದ್ದರೆ ಹಳಿ ತಪ್ಪುತ್ತದೆ.

ನಾಲ್ಕನೆಯ ಹೆಜ್ಜೆ: ಶಸ್ತ್ರಚಿಕಿತ್ಸೆ ಬೇಕೇ, ಯಾವಾಗ

ಒಂದೇ ಸಲ ಕಳಚಿದ, 35 ದಾಟಿದ, ಸಂಪರ್ಕವಿಲ್ಲದ ಆಟವಾಡುವವರು ವ್ಯಾಯಾಮದಿಂದಲೇ ಮರಳಬಹುದು. 20ರ ಒಳಗಿನ ಕಬಡ್ಡಿ ಆಟಗಾರನ ಮಾತು ಬೇರೆ. ಬಾಲ್ಗ್ ಮತ್ತು ಬೊಯ್ಲೊ ಎಂಬ ವೈದ್ಯರು 2007ರಲ್ಲಿ ಕೊಟ್ಟ 10 ಅಂಕಗಳ ಪಟ್ಟಿಯನ್ನು ಬಳಸಿದರೆ ಇದು ಬೇಗ ಅರ್ಥವಾಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ವಯಸ್ಸು 20 ಅಥವಾ ಕಡಿಮೆಯಿದ್ದರೆ 2 ಅಂಕ, ಸ್ಪರ್ಧಾತ್ಮಕ ಕ್ರೀಡೆಯಾದರೆ 2, ಮೈತಾಗುವ ಅಥವಾ ತಲೆಯ ಮೇಲೆ ಕೈಬೀಸುವ ಆಟವಾದರೆ 1, ಸಡಿಲ ಕೀಲಿಗೆ 1, ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲೇ ಗುಂಡಿನ ನೆಗ್ಗು ಕಂಡರೆ 2, ತಟ್ಟೆಯ ಅಂಚು ಅಳಿಸಿದಂತಿದ್ದರೆ 2. ಕಾಲೇಜು ತಂಡದ 19ರ ರೈಡರ್ ಒಬ್ಬನಿಗೆ ಏನನ್ನೂ ಪರೀಕ್ಷಿಸುವ ಮೊದಲೇ 5 ಅಂಕ ಬಂದಾಗಿದೆ. ಚಿತ್ರದಲ್ಲಿ ನೆಗ್ಗು ಕಂಡರೆ 7. 6 ದಾಟಿದವರಲ್ಲಿ ದುರ್ಬೀನಿನ ಹೊಲಿಗೆ ಮಾತ್ರ ಮಾಡಿದಾಗ ಶೇ. 70ರಷ್ಟು ಮಂದಿಗೆ ತೊಂದರೆ ಮರುಕಳಿಸಿದ್ದರಿಂದ, ಅಂಥವರಿಗೆ ಮೂಳೆ ಜೋಡಿಸುವ ವಿಧಾನವೇ ಸರಿಯೆಂದು ಅವರು ಸೂಚಿಸಿದರು.

ಋತುವಿನ ನಡುವೆ ಕಳಚಿದಾಗ, ಆಟ ಮುಗಿಸಿ ಆಮೇಲೆ ನೋಡೋಣ ಎಂಬ ಒತ್ತಡ ಬರುತ್ತದೆ. ಮೂಳೆ ನಷ್ಟವಿಲ್ಲ, ಬಲ ಮರಳಿದೆ, ಭಯವಿಲ್ಲ ಎಂದಾದರೆ ಕೆಲವು ವಾರಗಳ ಬಳಿಕ ಪಟ್ಟಿ ಕಟ್ಟಿಕೊಂಡು ಆಡಲು ವೈದ್ಯರು ಒಪ್ಪಬಹುದು. ಎರಡನೆಯ ಸಲ ಕಳಚಿದ ಮೇಲೂ ಅದೇ ಟೂರ್ನಿಯಲ್ಲಿ ಮುಂದುವರಿಸುವುದನ್ನು ನಾನು ಯಾವ ತರಬೇತುದಾರರಿಗೂ ಒಪ್ಪಲಾರೆ. ಭಾರತ ತಂಡದ ಶ್ರೇಯಸ್ ಅಯ್ಯರ್ ಅವರ ಉದಾಹರಣೆ ನೋಡಿ: 2021ರ ಮಾರ್ಚ್ 23ರಂದು ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಫೀಲ್ಡಿಂಗ್ ಮಾಡುವಾಗ ಹಾರಿ ಬಿದ್ದು ಅವರ ಎಡ ಭುಜ ಭಾಗಶಃ ಜಾರಿತು, ಐಪಿಎಲ್‌ನ ಆರಂಭಿಕ ಹಂತವನ್ನು ಬಿಟ್ಟುಕೊಟ್ಟು ಏಪ್ರಿಲ್ 8ರಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಸೆಪ್ಟೆಂಬರಿನಲ್ಲಿ, ಅಂದರೆ ಐದು ತಿಂಗಳು ದಾಟಿದ ಮೇಲೆ, ಅಂಗಳಕ್ಕೆ ಮರಳಿದರು, ನವೆಂಬರಿನಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದರು.

ಐದನೆಯ ಹೆಜ್ಜೆ: ಯಾವ ಶಸ್ತ್ರಚಿಕಿತ್ಸೆ

ಮೂಳೆ ಬಹುತೇಕ ಉಳಿದಿದ್ದರೆ ಆರ್ತ್ರೋಸ್ಕೋಪಿಯ ಬ್ಯಾಂಕಾರ್ಟ್ ದುರಸ್ತಿ. ಸುಮಾರು ಒಂದು ಸೆಂಟಿಮೀಟರಿನ ಎರಡು ಮೂರು ರಂಧ್ರಗಳ ಮೂಲಕ ದುರ್ಬೀನು ಮತ್ತು ಉಪಕರಣಗಳನ್ನು ಒಳಕ್ಕಿಳಿಸಿ, ತಪ್ಪು ಜಾಗದಲ್ಲಿ ಅಂಟಿಕೊಂಡ ಸಿಂಬಿಯನ್ನು ಬಿಡಿಸಿ, ತಟ್ಟೆಯ ಅಂಚನ್ನು ಹಸಿಯಾಗುವಂತೆ ಕೆರೆದು, ಅಲ್ಲಿ ದಾರ ಕಟ್ಟಿದ ಪುಟ್ಟ ಗೂಟಗಳಂಥ ಆ್ಯಂಕರ್‌ಗಳನ್ನು ನೆಟ್ಟು, ಸಿಂಬಿಯನ್ನೂ ಅದಕ್ಕೆ ಸೇರಿದ, ಕೀಲನ್ನು ಸುತ್ತುವರಿದಿರುವ ಸಡಿಲ ಚೀಲವನ್ನೂ ಮೇಲಕ್ಕೆಳೆದು ಕಟ್ಟುತ್ತಾರೆ. ಮೂರು, ನಾಲ್ಕು ಅಥವಾ ಹೆಚ್ಚು ಆ್ಯಂಕರ್‌ಗಳು ಬೇಕಾಗುತ್ತವೆ. ವೆಚ್ಚ ಉಳಿಸಲೆಂದು ಇವುಗಳ ಸಂಖ್ಯೆಯನ್ನು ಕಡಿಮೆ ಮಾಡಿಸುವುದು ಸರಿಯಲ್ಲ. ಅಂದಾಜು ಪಟ್ಟಿಯಲ್ಲಿ ಎಷ್ಟು ಆ್ಯಂಕರ್ ಲೆಕ್ಕ ಹಿಡಿದಿದ್ದಾರೆ, ಒಳಗೆ ನೋಡಿದ ಮೇಲೆ ಹೆಚ್ಚು ಬೇಕಾದರೆ ದರವೆಷ್ಟು ಎಂದು ಮೊದಲೇ ಕೇಳಿ.

ತಟ್ಟೆ ಹೆಚ್ಚು ಸವೆದಿಲ್ಲ, ಗುಂಡಿನ ನೆಗ್ಗು ಮಾತ್ರ ಹಳಿ ತಪ್ಪುವಷ್ಟು ದೊಡ್ಡದಾಗಿದೆ ಎಂದಾದರೆ, ಆ ಹೊಲಿಗೆಯ ಜೊತೆಗೇ ರೆಂಪ್ಲಿಸಾಜ್ ಮಾಡುತ್ತಾರೆ. ಫ್ರೆಂಚಿನಲ್ಲಿ ಆ ಪದಕ್ಕೆ ತುಂಬುವುದು ಎಂದರ್ಥ. ಹಿಂಬದಿಯ ರಜ್ಜುವನ್ನು ನೆಗ್ಗಿನೊಳಕ್ಕೆ ಹೊಲಿದು ಗುಂಡಿಯನ್ನು ಮುಚ್ಚಿದರೆ ಅಂಚಿಗೆ ಸಿಕ್ಕಿಕೊಳ್ಳಲು ಏನೂ ಉಳಿಯುವುದಿಲ್ಲ. ಕೈಯನ್ನು ಹಿಂದಕ್ಕೆ ತಿರುಗಿಸುವ ಮಿತಿ ಸ್ವಲ್ಪ ಕುಗ್ಗಬಹುದು. ಕುಸ್ತಿಪಟುವಿಗೆ ಅದು ತಿಳಿಯದೇ ಇರಬಹುದು, ವೇಗದ ಬೌಲರ್‌ಗೂ ಜಾವೆಲಿನ್ ಎಸೆಯುವವರಿಗೂ ತಿಳಿಯುತ್ತದೆ.

ತಟ್ಟೆಯ ಶೇ. 20ರಿಂದ 25 ಅಥವಾ ಹೆಚ್ಚು ಹೋಗಿದ್ದರೆ, ಹಿಂದಿನ ಹೊಲಿಗೆ ವಿಫಲವಾಗಿದ್ದರೆ, ಅಥವಾ ಮೈತಾಗುವ ಆಟದಲ್ಲಿ ನಷ್ಟ ಅದಕ್ಕಿಂತ ಕಡಿಮೆಯಿದ್ದರೂ ಅಪಾಯ ಹೆಚ್ಚಿದ್ದರೆ ಲಾಟಾರ್ಜೆ. 1954ರಲ್ಲಿ ಫ್ರಾನ್ಸಿನ ಲಿಯೊನ್ ನಗರದ ಮಿಶೆಲ್ ಲಾಟಾರ್ಜೆ ವಿವರಿಸಿದ ವಿಧಾನವಿದು. ಭುಜದ ಮುಂದೆ, ಕೊರಳೆಲುಬಿನ ಕೆಳಗೆ ಬೆರಳಿಗೆ ಸಿಗುವ ಕೊಕ್ಕಿನಂಥ ಕೊರಕಾಯ್ಡ್ ಮೂಳೆಯ ಸುಮಾರು ಎರಡು ಸೆಂಟಿಮೀಟರನ್ನು ಅದಕ್ಕೆ ಅಂಟಿದ ಸ್ನಾಯುರಜ್ಜುಗಳ ಸಮೇತ ಕತ್ತರಿಸಿ, ಸವೆದ ಅಂಚಿಗೆ ಸಾಮಾನ್ಯವಾಗಿ ಎರಡು ಸ್ಕ್ರೂಗಳಿಂದ ಬಿಗಿಯುತ್ತಾರೆ. ಕಳೆದುಹೋದ ಮೂಳೆ ಮರಳಿ ದೊರೆಯುವುದಷ್ಟೇ ಅಲ್ಲ, ಕೈಯೆತ್ತಿ ಹಿಂದಕ್ಕೆ ತಿರುಗಿಸಿದಾಗ ಆ ರಜ್ಜುಗಳು ಜೋಲಿಯಂತೆ ಗುಂಡಿನ ಮುಂದೆ ಬಿಗಿದು ನಿಂತು ಅದನ್ನು ತಡೆಯುತ್ತವೆ. ಮರುಕಳಿಸುವಿಕೆ ಕಡಿಮೆ, ಆದರೆ ನರಕ್ಕೆ ಪೆಟ್ಟು, ಮೂಳೆ ಕೂಡಿಕೊಳ್ಳದಿರುವುದು, ಸ್ಕ್ರೂ ಸಡಿಲಗೊಳ್ಳುವುದು ಇಂಥ ತೊಡಕುಗಳು ಬರಿಯ ಹೊಲಿಗೆಗಿಂತ ಹೆಚ್ಚು. ಆದ್ದರಿಂದ ಇದನ್ನು ಎಷ್ಟು ಮಾಡಿದ್ದೀರಿ ಎಂದು ಶಸ್ತ್ರವೈದ್ಯರನ್ನು ಕೇಳಲು ಸಂಕೋಚಪಡಬೇಡಿ. ಬೀಡಿ, ಸಿಗರೇಟು, ತಂಬಾಕನ್ನು ಕನಿಷ್ಠ ಕೆಲವು ವಾರ ಮೊದಲೇ ನಿಲ್ಲಿಸಿ, ಮೂಳೆ ಕೂಡುವವರೆಗೂ ಮುಟ್ಟಬೇಡಿ.

ಆರನೆಯ ಹೆಜ್ಜೆ: ಆಸ್ಪತ್ರೆಯ ದಿನ

ಬಡತನ ರೇಖೆಗಿಂತ ಕೆಳಗಿನ ಕುಟುಂಬದವರಾದರೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮಗೆ ಸೂಚಿಸಿದ ಶಸ್ತ್ರಚಿಕಿತ್ಸೆ ಸೇರುತ್ತದೆಯೇ ಎಂಬುದನ್ನು ದಿನ ನಿಗದಿಯಾಗುವ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಿ. ಹಿಂದಿನ ದಿನಗಳಲ್ಲಿ ಕಂಕುಳು ಮತ್ತು ಭುಜವನ್ನು ವೈದ್ಯರು ಹೇಳಿದ ದ್ರಾವಣದಿಂದ ತೊಳೆಯಿರಿ; ಮನೆಯಲ್ಲಿ ಬ್ಲೇಡಿನಿಂದ ಕೂದಲು ಬೋಳಿಸಬೇಡಿ, ಗೀರುಗಳಿಂದ ಸೋಂಕು ಬರುತ್ತದೆ.

ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯ ಜೊತೆಗೆ ಕತ್ತಿನ ಬದಿಯಲ್ಲಿ ನರಕ್ಕೊಂದು ಚುಚ್ಚುಮದ್ದು ಕೊಡುತ್ತಾರೆ. ಎಚ್ಚರವಾದಾಗ ಕೈ ನಿಮ್ಮದಲ್ಲವೆನ್ನುವಂತೆ ಜೋಲುತ್ತಿರುತ್ತದೆ, ಆ ಬದಿಯ ಕಣ್ಣುರೆಪ್ಪೆ ಸ್ವಲ್ಪ ಇಳಿದಿರಬಹುದು, ಧ್ವನಿ ಗೊಗ್ಗರಾಗಬಹುದು, ಉಸಿರು ಪೂರ್ಣ ತುಂಬದಂತೆ ಅನಿಸಬಹುದು. ಔಷಧದ ಪ್ರಭಾವ ಇಳಿದಂತೆ ಇವೆಲ್ಲ ಸರಿಹೋಗುತ್ತವೆ. ಉಸಿರಾಟ ನಿಜಕ್ಕೂ ಕಷ್ಟವೆನಿಸಿದರೆ ಮಾತ್ರ ಕೂಡಲೇ ದಾದಿಯರಿಗೆ ಹೇಳಿ. ಪ್ರಭಾವ ಇಳಿಯುವುದು ಬಹುತೇಕ ನಡುರಾತ್ರಿಯಲ್ಲಿ, ಆಗ ನೋವು ಒಮ್ಮೆಲೇ ಏರುತ್ತದೆ. ಬೆರಳು ಜುಮ್ಮೆನ್ನಲು ಶುರುವಾದೊಡನೆ ಮಾತ್ರೆ ಕೇಳಿ ತೆಗೆದುಕೊಳ್ಳಿ. ಉದ್ದೀಪನ ಮದ್ದು ಪರೀಕ್ಷೆಗೆ ಒಳಪಡುವ ಆಟಗಾರರು ಔಷಧ ಚೀಟಿಗಳನ್ನೆಲ್ಲ ಕಾಯ್ದಿಡಬೇಕು: ಟ್ರಮಡಾಲ್ ಎಂಬ ನೋವುನಿವಾರಕ 2024ರ ಜನವರಿ 1ರಿಂದ ಸ್ಪರ್ಧಾ ಅವಧಿಯಲ್ಲಿ ನಿಷಿದ್ಧ, ಊತ ಇಳಿಸುವ (ಗ್ಲುಕೊಕಾರ್ಟಿಕಾಯ್ಡ್) ಸ್ಟಿರಾಯ್ಡ್ ಚುಚ್ಚುಮದ್ದುಗಳು ಯಾವ ಮಾರ್ಗದಿಂದ ಕೊಟ್ಟರೂ 2022ರಿಂದ ಸ್ಪರ್ಧಾ ಅವಧಿಯಲ್ಲಿ ನಿಷಿದ್ಧ.

ಏಳನೆಯ ಹೆಜ್ಜೆ: ಜೋಲಿಯಿಂದ ಅಂಕಣದವರೆಗೆ

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಕೆಲಸ. ಅದರ ಫಲ ನಿಲ್ಲುವುದು ಮುಂದಿನ ಐದಾರು ತಿಂಗಳಲ್ಲಿ. ಮೊದಲ ಮೂರರಿಂದ ಆರು ವಾರ, ವೈದ್ಯರು ಹೇಳಿದಷ್ಟು ಕಾಲ, ಜೋಲಿ ಕಳಚಬಾರದು. ಬೆನ್ನಿಗೆ ದಿಂಬು ಕೊಟ್ಟು ಅರೆ ಕುಳಿತಂತೆ ಮಲಗಿ, ಮೊಣಕೈ ಕೆಳಗೊಂದು ಚಿಕ್ಕ ದಿಂಬಿಡಿ; ಮೊಣಕೈ ಬೆನ್ನ ಹಿಂದಕ್ಕೆ ಇಳಿದರೆ ಹೊಸ ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ. ಗುಂಡಿ ಇರುವ ಅಂಗಿಯನ್ನೇ ತೊಡಿ: ಹಾಕುವಾಗ ಶಸ್ತ್ರಚಿಕಿತ್ಸೆಯಾದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಕಂಕುಳು ತೊಳೆಯಬೇಕಾದರೆ ಸೊಂಟದಿಂದ ಮುಂದಕ್ಕೆ ಬಾಗಿ ಕೈಯನ್ನು ತಾನಾಗಿ ಜೋತುಬಿಡಿ, ಎತ್ತಬೇಡಿ. ಮುಷ್ಟಿ, ಮಣಿಕಟ್ಟು, ಮೊಣಕೈಗಳನ್ನು ಮಾತ್ರ ದಿನಕ್ಕೆ ಹಲವು ಸಲ ಆಡಿಸಿ. ಲಾಟಾರ್ಜೆ ಆದವರು ಮೊಣಕೈಯನ್ನು ಭಾರ ಹಿಡಿದು ಮಡಚುವಂತಿಲ್ಲ, ಆ ಸ್ನಾಯು ಕೂಡಬೇಕಾದ ಮೂಳೆಯನ್ನೇ ಎಳೆಯುತ್ತದೆ. ಜ್ವರ, ಗಾಯದಿಂದ ಸೋರಿಕೆ, ಕೈಯಲ್ಲಿ ಹೊಸದಾಗಿ ಬಂದ ಮರಗಟ್ಟುವಿಕೆ, ಮೀನಖಂಡದ ಊತ ಅಥವಾ ಉಬ್ಬಸ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ನಂತರ ಬಾಗಿಲ ಮೇಲೆ ಕಟ್ಟಿದ ಪುಟ್ಟ ರಾಟೆಯ ಹಗ್ಗವನ್ನು ಒಳ್ಳೆಯ ಕೈಯಿಂದ ಎಳೆದು, ದುರಸ್ತಿಯಾದ ಕೈ ತಾನು ಶ್ರಮಪಡದೆ ಮೇಲೇರುವಂತೆ ಮಾಡುವ ವ್ಯಾಯಾಮ ಆರಂಭವಾಗುತ್ತದೆ. ಹಿಂದಕ್ಕೆ ತಿರುಗಿಸುವ ಚಲನೆಯನ್ನು ಎಲ್ಲಕ್ಕಿಂತ ನಿಧಾನವಾಗಿ ಮರಳಿ ಪಡೆಯಬೇಕು; ಹೊಲಿಗೆಗೆ ಹೆಚ್ಚು ಎಳೆತ ಬೀಳುವುದು ಆ ದಿಕ್ಕಿನಲ್ಲಿಯೇ. ಆರು ವಾರ ಕಳೆದ ಮೇಲೆ ಕೈ ತಾನೇ ಏಳುತ್ತದೆ. ಸುಮಾರು ಮೂರು ತಿಂಗಳ ಬಳಿಕ ರಬ್ಬರ್ ಪಟ್ಟಿ, ಆಮೇಲೆ ಭಾರ. ಈ ಮೂರನೆಯ ತಿಂಗಳೇ ಅತ್ಯಂತ ಅಪಾಯದ್ದು: ನೋವು ಹೋಗಿರುತ್ತದೆ, ಕೈ ಹಗುರಾಗಿರುತ್ತದೆ, ಊರಿನ ಟೂರ್ನಿಗೆ ಕರೆ ಬಂದಿರುತ್ತದೆ, ಒಳಗಿನ ಅಂಟು ಮಾತ್ರ ಇನ್ನೂ ಹಸಿಯಾಗಿರುತ್ತದೆ. ಮನೆಯವರು ತಡೆದು ನಿಲ್ಲಿಸಬೇಕಾದ ಕಾಲವಿದು.

ಮರಳುವ ದಿನವನ್ನು ಕ್ಯಾಲೆಂಡರ್ ಒಂದನ್ನೇ ನೋಡಿ ನಿರ್ಧರಿಸಬೇಡಿ. ಮೈತಾಗುವ ಆಟಕ್ಕೆ ಸುಮಾರು ಆರು ತಿಂಗಳು ಕಳೆದಿರಬೇಕು, ಭುಜವನ್ನು ಹೊರಕ್ಕೂ ಒಳಕ್ಕೂ ತಿರುಗಿಸುವ ಬಲ ಇನ್ನೊಂದು ಕೈಯ ಶೇ. 90ನ್ನು ಮುಟ್ಟಿರಬೇಕು, ವೈದ್ಯರು ಎಸೆಯುವ ಭಂಗಿಗೆ ತಿರುಗಿಸಿದಾಗ ಭಯ ಕಾಣಿಸಬಾರದು. 36 ಇಂಚು ಅಂತರದಲ್ಲಿ ನೆಲಕ್ಕೆ ಎರಡು ಪಟ್ಟಿ ಅಂಟಿಸಿ, ದಂಡ ಹೊಡೆಯುವ ಭಂಗಿಯಲ್ಲಿ ನಿಂತು 15 ಸೆಕೆಂಡಿನಲ್ಲಿ ಒಂದು ಕೈಯಿಂದ ಇನ್ನೊಂದನ್ನು 21 ಸಲ ಮುಟ್ಟಲು ಆಗುತ್ತದೆಯೇ ಎಂಬ ಪರೀಕ್ಷೆಯನ್ನೂ ಫಿಸಿಯೋಥೆರಪಿಸ್ಟರು ಮಾಡಿಸುತ್ತಾರೆ. ಲಾಟಾರ್ಜೆ ಆದವರಲ್ಲಿ ಮೂಳೆ ಕೂಡಿದೆಯೆಂದು ಸಿ.ಟಿ. ಚಿತ್ರದಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಹಿಡಿತದ ಅಭ್ಯಾಸ. ಅಂಕಣಕ್ಕೆ ಇಳಿದ ಮೊದಲ ವಾರ ಮಂಡಿಯೂರಿ, ಗೊತ್ತಿರುವ ಜೊತೆಗಾರನೊಂದಿಗೆ, ಹೇಳಿ ಮಾಡಿಸಿದ ದಿಕ್ಕಿನಿಂದ ಮಾತ್ರ ಹಿಡಿತ ಅಭ್ಯಾಸ ಮಾಡಿ. ಎರಡನೆಯ ವಾರ ನಿಂತು. ಎದುರಾಳಿ ಯಾವ ಕಡೆಯಿಂದ ಬರುತ್ತಾನೆಂದು ತಿಳಿಯದ ಹಿಡಿತವನ್ನು ಅದಾದ ಮೇಲೆ ಆರಂಭಿಸಿ, ಮತ್ತು ಆ ದಿನ ತರಬೇತುದಾರರಲ್ಲದೆ ನಿಮ್ಮ ಫಿಸಿಯೋಥೆರಪಿಸ್ಟರೂ ಅಂಕಣದ ಪಕ್ಕದಲ್ಲಿರುವಂತೆ ನೋಡಿಕೊಳ್ಳಿ.